ಹಳೆಯ ಟರ್ಬೊ ಕಾರಿನ ಸಹವಾಸ

(ಬಾನುಲಿ ಭಾಷಣದ ಪಾಠ)



ಪಂಪ, ರನ್ನ, ರಾಘವಾಂಕರನ್ನು ಮೂವತ್ತು ವರ್ಷ ಪಾಠ ಹೇಳಿದವನೊಬ್ಬನು ಮೋಟಾರು ಯಂತ್ರದ ವಿಷಯವಾಗಿ ಮಾತನಾಡಲು ಬಂದು ಕುಳಿತಿರುವುದು ನಿಮಗೆ ಸೋಜಿಗವೆನಿಸಬಹುದು. ನನಗೂ ಅನಿಸಿದೆ. ಆದರೆ ನಿವೃತ್ತನಾದ ಮೇಲೆ ನಾನು ಅತ್ಯಂತ ಶ್ರದ್ಧೆಯಿಂದ ಓದಿದ ಗ್ರಂಥ ಯಾವುದೆಂದು ಯಾರಾದರೂ ಕೇಳಿದರೆ, ನನ್ನ ಹಳೆಯ ಡೀಸೆಲ್ ಕಾರಿನೊಡನೆ ಬಂದ, ರಟ್ಟು ಕಿತ್ತುಹೋದ ಕೈಪಿಡಿ ಎಂದೇ ಹೇಳಬೇಕಾಗುತ್ತದೆ. ಮಹಾಕಾವ್ಯದಲ್ಲಿ ಒಂದು ಪದ್ಯ ಅರ್ಥವಾಗದಿದ್ದರೆ ಅದನ್ನು ಬಿಟ್ಟು ಮುಂದಿನ ಪದ್ಯಕ್ಕೆ ಹೋಗಬಹುದು. ಹಾಗೆ ಹೋದ ಅಧ್ಯಾಪಕರನ್ನು ನಾನು ಬಲ್ಲೆ. ಈ ಗ್ರಂಥದಲ್ಲಿ ಒಂದೇ ಒಂದು ವಾಕ್ಯವನ್ನು ಬಿಟ್ಟು ಮುಂದೆ ಹೋದದ್ದಕ್ಕೆ ನಾನು ದಂಡ ತೆತ್ತೆ. ಅದನ್ನೇ ಇಂದು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

ನಮ್ಮೂರು ಭಾಲ್ಕಿ ತಾಲೂಕಿನ ಭಾತಂಬ್ರಾ. ಹಳೆಯ ಕೋಟೆಯಿರುವ ಊರು; ಸುತ್ತಲೂ ಎರೆಯ ಹೊಲ, ತೊಗರಿ, ಸೋಯಾ, ಕಬ್ಬು. ನಮ್ಮ ಅಣ್ಣನವರು ಇಂದಿಗೂ ಅಲ್ಲಿಯೇ ಇದ್ದಾರೆ. ಕೆಲವು ವರ್ಷಗಳ ಹಿಂದೆ ಅವರ ಮೂತ್ರಪಿಂಡಗಳು ಕೈಕೊಟ್ಟವು. ಅಂದಿನಿಂದ ವಾರಕ್ಕೆ ಎರಡು ದಿನ, ಬೆಳಗಿನ ಸರದಿಗೆ, ಬೀದರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಭಾತಂಬ್ರಾದಿಂದ ಭಾಲ್ಕಿ, ಭಾಲ್ಕಿಯಿಂದ ಬೀದರು. ಹೋಗಿ ಬರುವುದಕ್ಕೆ ನೂರು ಕಿಲೋಮೀಟರಿನಷ್ಟು ದಾರಿ. ಹೋಗುವಾಗ ಮೈಯೆಲ್ಲ ನೀರು ತುಂಬಿ ಉಸಿರು ಮೇಲೆ ಕೆಳಗೆ. ಬರುವಾಗ ಹಿಂಡಿದ ಬಟ್ಟೆಯಂತೆ ಸುಸ್ತು. ಇಂಥವರನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗುವುದು ಹೇಗೆ? ನನ್ನ ಪಿಂಚಣಿಯ ಅಳತೆಗೆ ಹೊಸ ಕಾರು ಎಟುಕುವಂತಿರಲಿಲ್ಲ. 2010ರಲ್ಲಿ ತಯಾರಾದ ಒಂದು ಚಿಕ್ಕ ಡೀಸೆಲ್ ಕಾರನ್ನು ಬೀದರಿನ ಗುತ್ತಿಗೆದಾರರೊಬ್ಬರಿಂದ 2017ರಲ್ಲಿ ಕೊಂಡೆ. ಅದರ ಎಂಜಿನ್ನಿಗೆ ಟರ್ಬೊ ಇದೆ ಎಂದು ಅವರು ಹೆಮ್ಮೆಯಿಂದ ಹೇಳಿದರು. ಟರ್ಬೊ ಎಂದರೇನೆಂದು ಕೇಳಲು ನನಗೆ ಸಂಕೋಚವಾಯಿತು. ಮೇಷ್ಟ್ರುಗಳ ಜಾತಿಗೇ ಅಂಟಿದ ದೋಷ ಇದು.

ಟರ್ಬೊ ಎಂದರೆ ಸ್ಥೂಲವಾಗಿ ಇಷ್ಟು. ಎಂಜಿನ್ ಹೊರಗೆ ಉಗುಳುವ ಹೊಗೆಯಲ್ಲಿ ಕಾವೂ ಇದೆ, ವೇಗವೂ ಇದೆ. ಎರಡೂ ಸುಮ್ಮನೆ ಗಾಳಿಯ ಪಾಲಾಗುತ್ತವೆ. ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನಿಟ್ಟರೆ ಅದು ತಿರುಗುತ್ತದೆ. ಅದೇ ಚಕ್ರದ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರವನ್ನು ಕೂರಿಸಿದರೆ, ಅದು ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಎಂಜಿನ್ನಿನೊಳಕ್ಕೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಎಣ್ಣೆಯನ್ನು ಉರಿಸಬಹುದು. ಚಿಕ್ಕ ಎಂಜಿನ್ನಿನಿಂದ ದೊಡ್ಡ ಕೆಲಸ ಪಡೆಯಬಹುದು. ಕಮ್ಮಾರನ ಕುಲುಮೆಯ ತಿದಿಯನ್ನು ನೆನೆಸಿಕೊಳ್ಳಿ. ಇಲ್ಲಿಯ ವಿಶೇಷವೆಂದರೆ ತಿದಿಯನ್ನು ಒತ್ತುವುದು ಕೈಯಲ್ಲ, ಕುಲುಮೆಯ ಹೊಗೆಯೇ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಚಿ 1905ರಲ್ಲಿಯೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಎತ್ತರದ ತೆಳುಗಾಳಿಯಲ್ಲಿ ವಿಮಾನದ ಎಂಜಿನ್ನುಗಳು ಏದುಸಿರು ಬಿಡುವುದನ್ನು ತಪ್ಪಿಸಲೆಂದು ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಒಂದು ಎಂಜಿನ್ನನ್ನು ಪೈಕ್ಸ್ ಪೀಕ್ ಎಂಬ ಹದಿನಾಲ್ಕು ಸಾವಿರ ಅಡಿಯ ಬೆಟ್ಟದ ನೆತ್ತಿಗೆ ಹೊರಿಸಿಕೊಂಡು ಹೋಗಿ ಪರೀಕ್ಷೆ ಮಾಡಿದ.

ನಾವು ಭಾಲ್ಕಿಯ ಕಡೆಯವರು ಟರ್ಬೊವನ್ನು ಮೊದಲು ಕಂಡದ್ದು ಕಾರಿನಲ್ಲಿ ಅಲ್ಲ, ರೈಲಿನಲ್ಲಿ. ಆಗ ಅದರ ಹೆಸರು ಗೊತ್ತಿರಲಿಲ್ಲ, ಅಷ್ಟೆ. ಭಾರತೀಯ ರೈಲ್ವೆಗೆ 1962ರಲ್ಲಿ ಬಂದ, ಮುಂದೆ ವಾರಾಣಸಿಯ ಕಾರ್ಖಾನೆಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಡಬ್ಲ್ಯೂಡಿಎಂ-2 ಎಂಬ ಡೀಸೆಲ್ ಎಂಜಿನ್ನಿನಲ್ಲಿ ಟರ್ಬೊ ಇತ್ತು. ಅಂಥ ಎಂಜಿನ್ ನಿಲ್ದಾಣವನ್ನು ಬಿಟ್ಟು ಹೊರಡುವಾಗ ಮೊದಲು ಒಂದು ದೊಡ್ಡ ಕರಿ ಹೊಗೆಯ ಮೋಡ ಏಳುತ್ತಿತ್ತು. ಆಮೇಲೆ ಗಾಡಿ ವೇಗ ಹಿಡಿದಂತೆ ಹೊಗೆ ತಿಳಿಯಾಗುತ್ತಿತ್ತು. ನೋಡಿದವರು ಎಂಜಿನ್ ಕೆಟ್ಟಿದೆಯೆಂದು ತಿಳಿಯುತ್ತಿದ್ದರು. ಕೆಟ್ಟಿರಲಿಲ್ಲ. ಎಣ್ಣೆ ಕೂಡಲೇ ಬರುತ್ತದೆ. ಟರ್ಬೊದ ಚಕ್ರ ವೇಗ ಹಿಡಿದು ಗಾಳಿ ತರಲು ಕೆಲವು ಗಳಿಗೆ ಬೇಕು. ಗಾಳಿ ಬರುವವರೆಗೆ ಅರೆಬೆಂದ ಎಣ್ಣೆ ಕರಿ ಹೊಗೆಯಾಗುತ್ತದೆ. ಊಟ ಬಡಿಸಿದ ಮೇಲೆ ನೀರು ತರಲು ಬಾವಿಗೆ ಹೋದ ಹಾಗೆ.

ಕಾರುಗಳಿಗೆ ಇದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿನ ಕತೆಯನ್ನು ನಾನು ಓದಿದಾಗ ನಗುವೂ ಬಂತು, ನಾಚಿಕೆಯೂ ಆಯಿತು. ಅದರ ಎಂಜಿನ್ ಒಳಗೆ ಸಿಡಿತವಾಗದಂತೆ ತಣಿಸಲು ನೀರು ಮತ್ತು ಮೆಥನಾಲ್ ಕೂಡಿದ ಒಂದು ದ್ರವವನ್ನು ಪ್ರತ್ಯೇಕ ಡಬ್ಬಿಯಲ್ಲಿ ತುಂಬುತ್ತಿರಬೇಕಾಗಿತ್ತು. ಮಾಲೀಕರು ಮರೆತರು. ಡಬ್ಬಿ ಬರಿದಾದರೆ ಕಾರು ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಕಾರಿನಲ್ಲಿ ದಮ್ಮಿಲ್ಲವೆಂದು ಅವರು ದೂರಿದರು. 1963ಕ್ಕೆ ಆ ಕಾರಿನ ತಯಾರಿಕೆಯೇ ನಿಂತಿತು. ಯಂತ್ರ ಬೇಡುವುದು ಅಲ್ಪ. ಆ ಅಲ್ಪವನ್ನು ತಪ್ಪದೆ ಕೊಡುವುದು ಮನುಷ್ಯನಿಗೆ ಕಷ್ಟ.

ನಮ್ಮ ದೇಶದ ರಸ್ತೆಗಳಲ್ಲಿ 1998ರ ಟಾಟಾ ಸಫಾರಿ, 2002ರ ಮಹೀಂದ್ರ ಸ್ಕಾರ್ಪಿಯೊ ಈ ಟರ್ಬೊ ಡೀಸೆಲ್ಲನ್ನು ಜನಕ್ಕೆ ಪರಿಚಯ ಮಾಡಿಕೊಟ್ಟವು. ಚಿಕ್ಕ ಕಾರುಗಳಿಗೆ ಅದನ್ನು ಇಳಿಸಿದ್ದು ಫಿಯಟ್ ಮೂಲದ 1.3 ಲೀಟರಿನ ಎಂಜಿನ್. 2007ರಲ್ಲಿ ಮಾರುತಿ ಸ್ವಿಫ್ಟ್‌ನಲ್ಲಿ ಬಂದ ಅದು ಮುಂದೆ ಟಾಟಾ, ಫಿಯಟ್ ಕಾರುಗಳಲ್ಲಿಯೂ ಕಾಣಿಸಿಕೊಂಡು, ‘ರಾಷ್ಟ್ರೀಯ ಎಂಜಿನ್’ ಎಂಬ ತಮಾಷೆಯ ಹೆಸರನ್ನೇ ಪಡೆಯಿತು. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮಗಳು ಜಾರಿಗೆ ಬಂದಾಗ ಅದರ ಕಾಲ ಮುಗಿಯಿತು. ಆದರೆ ಹಳೆಯ ಗಾಡಿಗಳು ಎಲ್ಲಿ ಹೋಗುತ್ತವೆ? ಹೈದರಾಬಾದು, ಪುಣೆಗಳಲ್ಲಿ ಮುದಿಯಾದದ್ದು ನಮ್ಮ ಭಾಲ್ಕಿ, ಔರಾದ, ಉದಗೀರಗಳಲ್ಲಿ ಮರುಜನ್ಮ ಪಡೆಯುತ್ತದೆ. ಎರಡನೆಯ ಕೈ, ಮೂರನೆಯ ಕೈ, ನಾಲ್ಕನೆಯ ಕೈ. ಕೈ ಬದಲಾದಂತೆ ಗಾಡಿಯ ಪೂರ್ವಕತೆ ಕಳೆದುಹೋಗುತ್ತದೆ. ಹಸ್ತಪ್ರತಿಗಳಲ್ಲಾದರೆ ಲಿಪಿಕಾರನ ತಪ್ಪುಗಳನ್ನು ಹಿಡಿದು ಹಿಂದಿನ ಪ್ರತಿಯನ್ನು ಊಹಿಸಬಹುದು. ಕಾರಿನಲ್ಲಿ ಊಹಿಸಲು ಉಳಿಯುವುದು ಎಂಜಿನ್ ಆಯಿಲಿನ ಬಣ್ಣ ಒಂದೇ.

ಈಗ ನನ್ನ ಕತೆಗೆ ಬರುತ್ತೇನೆ. ಕಾರು ಕೊಂಡ ಎರಡು ವರ್ಷಕ್ಕೆ ಅದರ ಟರ್ಬೊ ಹೋಯಿತು. ಒಂದು ದೊಡ್ಡ ನಗರದ ಗ್ಯಾರೇಜಿನಲ್ಲಿ ಹೊಸದನ್ನು ಹಾಕಿಸಿದೆ. ದುಬಾರಿಯಾಯಿತು, ಆದರೆ ಹೊಸದಲ್ಲವೆ, ಇನ್ನು ಹತ್ತು ವರ್ಷ ನಿಶ್ಚಿಂತೆ ಎಂದುಕೊಂಡೆ. 2021ರ ಡಿಸೆಂಬರಿನ ಹೊತ್ತಿಗೆ ಕಾರು ಮತ್ತೆ ಏನೋ ಹೇಳತೊಡಗಿತು. ಏರಿನಲ್ಲಿ ಎಳೆಯದು. ಮೊದಲು ಕಿವಿಗೊಟ್ಟರಷ್ಟೆ ಕೇಳುತ್ತಿದ್ದ ಸಣ್ಣ ಸೀಟಿ ಈಗ ಕುಕ್ಕರಿನ ಹಾಗೆ ಕೂಗುತ್ತಿತ್ತು. ಆಯಿಲು ತಿಂಗಳು ತಿಂಗಳು ಕಡಿಮೆಯಾಗುತ್ತಿತ್ತು. ನಾನು ಡಬ್ಬಿ ತಂದು ಸುರಿಯುತ್ತಿದ್ದೆ. ಹಳೆಯ ಗಾಡಿ, ಸ್ವಲ್ಪ ಕುಡಿಯುತ್ತದೆ ಎಂದು ಸಮಾಧಾನ. ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡವನು ಲಕ್ಷಣಗಳನ್ನು ಓದಲು ಕಲಿತಿರಬೇಕಾಗಿತ್ತು.

ಒಂದು ಬೆಳಗು, ಇನ್ನೂ ಮಂದಗತ್ತಲೆ. ಭಾಲ್ಕಿ ದಾಟಿ ಬೀದರಿನ ದಾರಿಯಲ್ಲಿದ್ದೇವೆ. ಅಣ್ಣನವರು ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದಾರೆ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು. ಅದನ್ನು ದಾಟಲೆಂದು ಜೋರಾಗಿ ಒತ್ತಿದೆ. ದಾಟಿದ ಮೇಲೆ ಕಾಲು ತೆಗೆದೆ. ಎಂಜಿನ್ ಮಾತ್ರ ತೆಗೆಯಲಿಲ್ಲ. ತಾನಾಗಿಯೇ ಏರತೊಡಗಿತು, ಹುಚ್ಚು ಹಿಡಿದಂತೆ ಕೂಗತೊಡಗಿತು. ಹಿಂದೆ ನೋಡಿದರೆ ರಸ್ತೆಯೇ ಕಾಣದಷ್ಟು ನೀಲಿಬಿಳಿ ಹೊಗೆ. ಕ್ಲಚ್ ಒತ್ತಿ, ಬ್ರೇಕ್ ಹಾಕಿ, ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿದೆ. ಕೀಲಿ ನನ್ನ ಕೈಗೆ ಬಂತು. ಎಂಜಿನ್ ನಿಲ್ಲಲಿಲ್ಲ!

ಇದು ಕಟ್ಟುಕತೆಯಲ್ಲ. ಟರ್ಬೊದ ದಂಡದ ಸೀಲು ಹರಿದರೆ ಎಂಜಿನ್ನಿನ ಆಯಿಲು ಗಾಳಿಯ ದಾರಿಯೊಳಕ್ಕೆ ಸೋರುತ್ತದೆ. ಡೀಸೆಲ್ ಎಂಜಿನ್ನಿಗೆ ಅದೂ ಎಣ್ಣೆಯೇ. ಅದನ್ನೇ ಉರಿಸಿಕೊಂಡು ಓಡುತ್ತದೆ. ಓಡಿದಷ್ಟೂ ಟರ್ಬೊ ತಿರುಗುತ್ತದೆ, ತಿರುಗಿದಷ್ಟೂ ಸೋರುತ್ತದೆ. ಕೀಲಿ ತಡೆಯುವುದು ಡೀಸೆಲ್ಲನ್ನು, ಇದನ್ನಲ್ಲ. ಬಿಟ್ಟರೆ ಆಯಿಲು ಮುಗಿಯುವವರೆಗೆ ಇಲ್ಲವೆ ಎಂಜಿನ್ ಒಡೆಯುವವರೆಗೆ ಓಡುತ್ತದೆ. ಇದೆಲ್ಲ ನಾನು ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ತಿಳಿದಿದ್ದವನು ಟ್ರ್ಯಾಕ್ಟರಿನ ಹುಡುಗ. ಓಡಿ ಬಂದವನೇ ಕಿಟಕಿಗೆ ಬಾಯಿಟ್ಟು ಕೂಗಿದ: “ಸರ್, ಟಾಪ್ ಗೇರ್ ಹಾಕ್ರಿ! ಬ್ರೇಕ್ ಗಟ್ಟಿ ಒತ್ತಿ ಹಿಡಿದು ಕ್ಲಚ್ ಬಿಟ್ಟುಬಿಡ್ರಿ!” ಬಿಟ್ಟೆ. ಕಾರು ಒಮ್ಮೆ ನಡುಗಿ, ಕುಪ್ಪಳಿಸಿ, ಸತ್ತಂತೆ ನಿಂತಿತು. ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಾರದು. ಹಳೆಯ ಡೀಸೆಲ್ ಕಾರು ಓಡಿಸುವ ಪ್ರತಿಯೊಬ್ಬರೂ ಆ ಹುಡುಗನ ಮಾತನ್ನು ಕಂಠಪಾಠ ಮಾಡಿಕೊಂಡಿರಬೇಕು.

ಕಾರಿನದು ಹಾಗಿರಲಿ. ಅಣ್ಣನವರನ್ನು ಹೊಗೆಯಿಂದ ದೂರ ಕೂರಿಸಿ, ಯಾರದೋ ಜೀಪಿಗೆ ಕೈ ತೋರಿ ಬೀದರು ಮುಟ್ಟುವಷ್ಟರಲ್ಲಿ ಸರದಿ ಬೇರೆಯವರಿಗೆ ಹೋಗಿತ್ತು. ಅದರಲ್ಲಿ ತಪ್ಪಿಲ್ಲ, ಅವರೂ ನಮ್ಮಂತೆಯೇ ಕಾಯುತ್ತಿದ್ದವರು. ಮಧ್ಯಾಹ್ನದವರೆಗೆ ಆ ಮೊಗಸಾಲೆಯಲ್ಲಿ ಅಣ್ಣನವರು ಮಲಗಲಾರದೆ, ಮುಂದಕ್ಕೆ ಬಾಗಿ ಕುಳಿತು, ಒಂದೊಂದೇ ಉಸಿರನ್ನು ಎಳೆದುಕೊಂಡರು. ನಾನು ಪಕ್ಕದಲ್ಲಿ ಕಾರಿನ ಕೀಲಿ ಹಿಡಿದುಕೊಂಡು ಕುಳಿತಿದ್ದೆ.

ಕಾರನ್ನು ಭಾಲ್ಕಿಯ ಒಬ್ಬ ಮಿಸ್ತ್ರಿಯ ಬಳಿಗೆ ಎಳೆಸಿಕೊಂಡು ಹೋದೆವು. ಹೆಚ್ಚು ಮಾತಿನ ಮನುಷ್ಯನಲ್ಲ. ಟರ್ಬೊ ಬಿಚ್ಚಿ ದಂಡವನ್ನು ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿದ. ಸಡಿಲ ಹಲ್ಲಿನಂತೆ ಅಲ್ಲಾಡಿತು; ಚಕ್ರದ ರೆಕ್ಕೆಗಳು ಗೋಡೆಗೆ ತಗುಲಿ ಸವೆದಿದ್ದವು. “ಎರಡೇ ವರ್ಷದ ಹೊಸ ಟರ್ಬೊ” ಎಂದೆ, ದೂರುವ ದನಿಯಲ್ಲಿ. ಅವನು ಉತ್ತರ ಕೊಡದೆ ಒಂದು ಸಣ್ಣ ಲೋಹದ ಕೊಳವೆಯನ್ನು ಬಿಚ್ಚಿ ತಂದು ಬೆಳಕಿಗೆ ಹಿಡಿದ. ಎಂಜಿನ್ನಿನಿಂದ ಟರ್ಬೊಕ್ಕೆ ಆಯಿಲು ಒಯ್ಯುವ ಕೊಳವೆ ಅದು, ಕಿರುಬೆರಳಿಗಿಂತ ಸಣ್ಣದು. ಒಳಗೆ ಇದ್ದಿಲಿನಂತೆ ಗಟ್ಟಿಯಾದ ಕರಿ ಪದರ. ಉಳಿದ ತೂತಿನಲ್ಲಿ ದಬ್ಬಳವೂ ತೂರುವಂತಿರಲಿಲ್ಲ. “ಸರ್, ಟರ್ಬೊ ತಾನಾಗಿ ಸಾಯಲ್ಲರಿ. ಅದಕ್ ಯಾರರೆ ಕೊಲ್ತಾರ್” ಎಂದ.

ಬೀದರಿನ ಕಾರೇಜನ್ನು ನೀವು ಕೇಳಿರಬಹುದು. ಸುರಂಗ ಬಾವಿ ಎಂದೂ ಕರೆಯುತ್ತಾರೆ. ಬಹಮನಿಗಳ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಜಂಬಿಟ್ಟಿಗೆಯ ನೆಲವನ್ನು ಕೊರೆದು ಊರಿಗೆ ನೀರು ತಂದ ನೆಲದಡಿಯ ಕಾಲುವೆ. ಸೆಲೆ ಬತ್ತಿರಲಿಲ್ಲ, ಸುರಂಗದಲ್ಲಿ ಹೂಳು ತುಂಬಿ, ಗಾಳಿಬಾವಿಗಳು ಮುಚ್ಚಿಹೋಗಿ ನೀರು ನಿಂತಿತ್ತು. ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿದ ಕಡೆ ನೀರು ಮತ್ತೆ ಕಂಡಿತು. ಆ ಕೊಳವೆಯನ್ನು ನೋಡಿದಾಗ ನನಗೆ ನೆನಪಾದದ್ದು ಅದೇ. ನಗರದ ಗ್ಯಾರೇಜಿನವರು ಊರಿನ ಬಾಯಿಗೆ ಹೊಸ ಕೊಡ ಇಟ್ಟಿದ್ದರು. ಕಾಲುವೆಯ ಹೂಳು ತೆಗೆದಿರಲಿಲ್ಲ.

ಹೂಳು ಬಂದದ್ದು ಎಲ್ಲಿಂದ? ಇಲ್ಲಿ ನಾನು ಬಿಟ್ಟ ಆ ವಾಕ್ಯ ಬರುತ್ತದೆ. ನಮ್ಮ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಿದರೆ ಕೂಗಿಕೊಳ್ಳುತ್ತದೆ. ಟರ್ಬೊದ ದಂಡ ಒಂದು ಲಕ್ಷವನ್ನು ದಾಟಿ, ಚಿಕ್ಕ ಕಾರುಗಳಲ್ಲಿ ಎರಡು ಲಕ್ಷದ ಹತ್ತಿರಕ್ಕೂ ಹೋಗುತ್ತದೆ. ಅದರ ಒಂದು ತುದಿಯಲ್ಲಿ ಆರೇಳು ನೂರು ಡಿಗ್ರಿ ಕಾವಿನ ಹೊಗೆ. ಇಂಥ ದಂಡವನ್ನು ಹೊತ್ತಿರುವುದು ಕೂದಲೆಳೆಗಿಂತ ತೆಳುವಾದ ಆಯಿಲಿನ ಪೊರೆ; ದಂಡ ಲೋಹವನ್ನು ಮುಟ್ಟದೆ ತೇಲುತ್ತಿರುತ್ತದೆ. ಏರು ಹತ್ತಿ, ಜೋರಾಗಿ ಓಡಿಸಿಕೊಂಡು ಬಂದು, ಥಟ್ಟನೆ ಕೀಲಿ ತಿರುಗಿಸಿದರೆ ಆಯಿಲಿನ ಪಂಪೂ ನಿಂತುಹೋಗುತ್ತದೆ. ಕಾದ ಟರ್ಬೊದೊಳಗೆ ನಿಂತಲ್ಲೇ ನಿಂತ ಆಯಿಲು ಒಗ್ಗರಣೆಯ ಸೌಟಿನಲ್ಲಿ ಮರೆತ ಎಣ್ಣೆಯಂತೆ ಸೀಯುತ್ತದೆ. ಸೀದದ್ದು ಪದರವಾಗಿ ಕೂರುತ್ತದೆ. ಆದ್ದರಿಂದ ನಿಲ್ಲಿಸುವ ಮುನ್ನ ಕೊಂಚ ಹೊತ್ತು ಎಂಜಿನ್ನನ್ನು ಸುಮ್ಮನೆ ತಿರುಗಲು ಬಿಡಬೇಕೆಂದು ಕೈಪಿಡಿಯಲ್ಲಿ ಇತ್ತು. ನಾನು ಮಾಡುತ್ತಿದ್ದುದೇನು? ಬೀದರಿನ ಏರನ್ನು ಒಂದೇ ಉಸಿರಿಗೆ ಹತ್ತಿ, ಆಸ್ಪತ್ರೆಯ ಬಾಗಿಲಲ್ಲಿ ಗಕ್ಕನೆ ನಿಲ್ಲಿಸಿ, ಕೀಲಿ ಕಿತ್ತು, ಅಣ್ಣನವರ ಕೈ ಹಿಡಿಯಲು ಓಡುವುದು. ವಾರಕ್ಕೆ ಎರಡು ಸಲ. ವರ್ಷಕ್ಕೆ ನೂರಕ್ಕೂ ಹೆಚ್ಚು ಸಲ. ಅವರಿಗಾಗಿ ಅವಸರಪಟ್ಟ ಆ ನಿಮಿಷಗಳೇ ಒಟ್ಟುಗೂಡಿ ಅವರನ್ನು ಮಧ್ಯಾಹ್ನದವರೆಗೆ ಕೂರಿಸಿದವು.

ನನ್ನೊಬ್ಬನ ಪಾಪವೇ ಅಲ್ಲ ಎನ್ನಿ. ಮೊದಲಿನ ಮಾಲೀಕರು ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲನ್ನು ಹಾಕಿಸುತ್ತಿದ್ದರಂತೆ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಡೀಸೆಲ್ ಉಳಿಸುವ ನಮ್ಮ ಕಡೆಯ ಚಾಲಕರ ಜಾಣತನವೂ ಇದೇ ಜಾತಿಯದು. ಟರ್ಬೊ ಕಾದು ಕೆಂಪಾಗಿರುವಾಗಲೇ ಅದರ ಬಾಯಿಂದ ಆಯಿಲು ಕಸಿದುಕೊಳ್ಳುವುದು. ಬ್ರೇಕಿನ ಬಲವೂ ಆಗ ಕುಂದುತ್ತದೆ ಎಂಬುದು ಬೇರೆಯೇ ಮಾತು.

ಮಿಸ್ತ್ರಿ ಮಾಡಿದ ರಿಪೇರಿಯನ್ನು ನಾನು ಮೂರು ದಿನ ಸ್ಟೂಲಿನ ಮೇಲೆ ಕುಳಿತು ನೋಡಿದೆ. ಪೂರಾ ಟರ್ಬೊ ಬೇಡವೆಂದು ಒಳಗಿನ ಕೋರನ್ನು ಮಾತ್ರ ತರಿಸಿದ. ಕೊಳವೆಯನ್ನು ತೊಳೆಯುವ ಗೋಜಿಗೆ ಹೋಗದೆ ಹೊಸದನ್ನೇ ಹಾಕಿದ. ಕೆಳಗಿನ ಚೇಂಬರ್ ಬಿಚ್ಚಿ, ಆಯಿಲು ಹೀರುವ ಜಾಲರಿಯನ್ನು ತೊಳೆದ. ಇಂಟರ್‌ಕೂಲರಿನಲ್ಲಿ ಸೋರಿ ನಿಂತಿದ್ದ ಆಯಿಲನ್ನು ಬಗ್ಗಿಸಿ ಸುರಿದ. ಅದು ಉಳಿದರೆ ಹೊಸ ಟರ್ಬೊ ಹಾಕಿದ ಮೇಲೂ ಎಂಜಿನ್ ಅದನ್ನು ಹೀರಿ ಮತ್ತೆ ಹುಚ್ಚು ಓಟ ಓಡಬಹುದಂತೆ. ಕೊನೆಗೆ, ಕೋರಿನ ಬಾಯಿಗೆ ಕೈಯಾರೆ ಆಯಿಲು ಹನಿಸಿ, ಚಕ್ರವನ್ನು ಬೆರಳಿನಿಂದ ತಿರುಗಿಸಿ, ಎಂಜಿನ್ ಹತ್ತಿಕೊಳ್ಳದಂತೆ ಮಾಡಿ ಬರಿದೆ ಒಂದಷ್ಟು ಸುತ್ತು ತಿರುಗಿಸಿ, ಆಯಿಲು ಮೇಲಕ್ಕೆ ಬಂದದ್ದನ್ನು ಕಂಡ ಮೇಲೆಯೇ ಸ್ಟಾರ್ಟ್ ಮಾಡಿದ. ಎಳೆಗೂಸಿನ ನಾಲಿಗೆಗೆ ಜೇನು ಮುಟ್ಟಿಸಿದ ಹಾಗಿತ್ತು. ಬಿದರಿಯ ಕುಶಲಕರ್ಮಿಗಳು ಬೆಳ್ಳಿಯ ಎಳೆಯನ್ನು ಕೂರಿಸುವುದನ್ನು ನೋಡಿದ್ದೇನೆ. ಆ ಕೈಗೂ ಈ ಕೈಗೂ ನನಗೆ ಹೆಚ್ಚಿನ ಭೇದ ಕಾಣಲಿಲ್ಲ. ಬಿಲ್ಲು 18 ಸಾವಿರ ರೂಪಾಯಿ. ನಗರದಲ್ಲಿ ನಾನು ತೆತ್ತದ್ದರ ಅರ್ಧಕ್ಕಿಂತ ಕಡಿಮೆ.

ಆ ಮೂರು ದಿನಗಳಲ್ಲಿ ನನಗೆ ದೊರೆತ ವಿದ್ಯೆ ಸ್ವಲ್ಪವಲ್ಲ. ‘ಟರ್ಬೊ ಹೋಗಿದೆ’ ಎಂದು ಬಂದ ಒಂದು ಗಾಡಿಯಲ್ಲಿ ಹೋಗಿದ್ದದ್ದು ಬರಿಯ ರಬ್ಬರಿನ ಹೋಸ್. ಅದು ಸೀಳಿ, ಒತ್ತಿದ ಗಾಳಿ ಹೊರಗೇ ಹೋಗುತ್ತಿತ್ತು. ಎಳೆತವಿಲ್ಲ, ಕರಿ ಹೊಗೆ. ಕರಿ ಹೊಗೆ ಬಂದರೆ ಗಾಳಿಯ ಕೊರತೆ, ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ ಎಂಬ ಭೇದ ಗೊತ್ತಿಲ್ಲದವರು ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾರೆ. ಹೋಸಿನೊಳಗೆ ಬೆರಳಾಡಿಸಿದಾಗ ಆಯಿಲಿನ ಪಸೆ ಕಂಡರೆ ಗಾಬರಿ ಬೇಡ, ಅದು ಸಹಜ. ಮಡುಗಟ್ಟಿ ನಿಂತಿದ್ದರೆ ಮಾತ್ರ ಯೋಚನೆ. ದಂಡ ಆಚೀಚೆ ಕೂದಲೆಳೆಯಷ್ಟು ಅಲುಗುವುದೂ ಸಹಜ. ಹಿಂದೆ ಮುಂದೆ ಜಗ್ಗಿದರೆ ಅಲುಗಕೂಡದು. ಇನ್ನು ಗಾಳಿಯ ಫಿಲ್ಟರು. ನಮ್ಮ ಕಡೆ ಸೋಯಾ ರಾಶಿಯ ಕಾಲದಲ್ಲಿ ರಸ್ತೆಯ ಮೇಲೆಲ್ಲ ಧೂಳಿನ ಪರದೆ. ಫಿಲ್ಟರನ್ನು ಟೈರಿಗೆ ನಾಲ್ಕು ಸಲ ಬಡಿದು ಮತ್ತೆ ಅದನ್ನೇ ಹಾಕುವುದು ರೂಢಿ. ಇಲ್ಲವೆ ಪಂಕ್ಚರ್ ಅಂಗಡಿಯ ಗಾಳಿಯನ್ನು ಜೋರಾಗಿ ಬಿಟ್ಟು ಕಾಗದವನ್ನೇ ತೂತು ಮಾಡುವುದು. ಲಕ್ಷ ಸುತ್ತು ತಿರುಗುವ ರೆಕ್ಕೆಗೆ ಮರಳಿನ ಒಂದು ಕಣ ಬಡಿದರೆ ಏನಾದೀತೆಂದು ಯಾರೂ ಎಣಿಸುವುದಿಲ್ಲ.

ಆಯಿಲಿನ ವಿಷಯದಲ್ಲಿ ಮಾತ್ರ ನಾನು ಈಗ ಮಡಿವಂತ. ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಿದರೆ ಸಾಕೆಂದು ಪುಸ್ತಕ ಹೇಳಿದರೂ ನಾನು ಏಳು ಸಾವಿರಕ್ಕೆ, ಹೇಳಿದ ದರ್ಜೆಯ ಆಯಿಲನ್ನೇ, ಹೊಸ ಫಿಲ್ಟರಿನೊಡನೆ ಹಾಕಿಸುತ್ತೇನೆ. ದಿನಚರಿಯ ಪುಸ್ತಕದಲ್ಲಿ ಬರೆದಿಡುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಒತ್ತುವುದಿಲ್ಲ. ಆಯಿಲು ಮೇಲೆ ಹತ್ತಲು ಅದಕ್ಕೂ ಅರ್ಧ ನಿಮಿಷ ಬೇಕು. ಹಾಗೆಂದು ಹತ್ತು ಹತ್ತು ನಿಮಿಷ ನಿಲ್ಲಿಸಿ ಗುರುಗುಟ್ಟಿಸುವುದೂ ಒಳ್ಳೆಯದಲ್ಲ, ಮಸಿ ಕಟ್ಟುತ್ತದೆ. ಊರು ಹತ್ತಿರವಾದಾಗ ಕೊನೆಯ ಒಂದೆರಡು ಕಿಲೋಮೀಟರನ್ನು ಮೆಲ್ಲಗೆ ಓಡಿಸಿದರೆ ಅದೇ ಸಾಕೆಂದು ತಿಳಿದವರು ಹೇಳುತ್ತಾರೆ. ಸರಿಯಿರಬಹುದು. ಆದರೂ ನಾನು ಆ ಒಂದು ನಿಮಿಷವನ್ನು ಬಿಡುವುದಿಲ್ಲ.

2025ರಲ್ಲಿ ಕಾರಿಗೆ ಹದಿನೈದು ತುಂಬಿತು. ನೋಂದಣಿಯ ಅವಧಿ ಮುಗಿಯಿತು. ಇನ್ನು ಗುಜರಿಗೆ ಹಾಕಿಬಿಡಿ ಎಂದು ಹಿತೈಷಿಗಳು ಹೇಳಿದರು. ಹೊಗೆಯ ದೃಷ್ಟಿಯಿಂದ ಅವರ ಮಾತಿನಲ್ಲಿ ತೂಕವಿದೆ, ಅಲ್ಲಗಳೆಯುವುದಿಲ್ಲ. ಹಳೆಯ ಡೀಸೆಲ್ ಹೊಸದರಷ್ಟು ಶುಚಿಯಲ್ಲ. ಆದರೆ ಹೊಸದಾಗಿ ಕೊಳ್ಳಬಹುದಾದ ಮತ್ತೊಂದು ಹಳೆಯ ಕಾರಿನ ಪೂರ್ವಕತೆ ನನಗೆ ಗೊತ್ತಿರುವುದಿಲ್ಲ. ಇದರದು, ಕೊಳವೆಯ ಒಳಗಿನವರೆಗೂ, ಗೊತ್ತು. ಮಿಸ್ತ್ರಿಯನ್ನು ಕೇಳಿದೆ. ಬಾನೆಟ್ ಎತ್ತಿ, ಸ್ವಲ್ಪ ಹೊತ್ತು ಕಿವಿಗೊಟ್ಟು, “ಇನ್ನ ಐದ್ ವರ್ಷ ಏನ್ ಆಗಲ್ಲರಿ ಸರ್. ಖರೇ ಅಂದ್ರ, ಬಂದ್ ಮಾಡೂ ಮುಂದ ಒಂದ್ ನಿಮಿಷ ದಮ್ ತಗೊಳ್ಲಾಕ್ ಬಿಡ್ರಿ” ಎಂದ. ಪರೀಕ್ಷೆ ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿಕೊಂಡು ಬಂದೆ.

ಮೊನ್ನೆಯೂ ಹೋಗಿದ್ದೆವು. ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಲ್ಲಿಸಿ, ಕೀಲಿಯ ಮೇಲೆ ಕೈಯಿಟ್ಟುಕೊಂಡು, ಕೈಗಡಿಯಾರ ನೋಡುತ್ತ ಕುಳಿತೆ. ಮೊದಮೊದಲು ಅಣ್ಣನವರಿಗೆ ಇದು ಸಿಟ್ಟು ಬರಿಸುತ್ತಿತ್ತು. ಈಗ ಅವರೂ ಹಿಂದೆ ಕುಳಿತು ಬಾಗಿಲಿಗೆ ಕೈ ಹಾಕದೆ ಕಾಯುತ್ತಾರೆ. ಎಂಜಿನ್ ಮೆಲ್ಲಗೆ ತಿರುಗುತ್ತಿತ್ತು. ಒಂದು ನಿಮಿಷಕ್ಕೆ ಇನ್ನೂ ಕೆಲವು ಕ್ಷಣ ಬಾಕಿಯಿತ್ತೇನೊ. ಹಿಂದಿನಿಂದ ದನಿ ಬಂತು:

“ದಮ್ ತಗೊಂಡ್ತೇನೊ ತಮ್ಮಾ, ನಿನ್ನ ಗಾಡಿ? ಆತಂದ್ರ ಇನ್ನ ನನಗ ಇಳಿಸು.”